ಜಾಝ್ ನಾದಕ್ಕೆ ಯಾವ ಮೌತ್‌ಪೀಸ್? ಸ್ಯಾಕ್ಸೋಫೋನ್ ನುಡಿಸುವವರಿಗೊಂದು ವಿವರಣೆ

ಕರಾವಳಿ ಕರ್ನಾಟಕದ ದೇವಸ್ಥಾನಗಳಲ್ಲೂ ಮದುವೆ ಮಂಟಪಗಳಲ್ಲೂ ಸ್ಯಾಕ್ಸೋಫೋನ್ ಈಗ ಹೊರಗಿನ ವಾದ್ಯವಾಗಿ ಉಳಿದಿಲ್ಲ. ನಾಗಸ್ವರ ವಿದ್ವಾಂಸರ ಮಗನಾಗಿ 1949ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕೇಳಿ ಮನಸೋತು, ಅದನ್ನು ಕರ್ನಾಟಕ ಸಂಗೀತದ ಕಛೇರಿ ವೇದಿಕೆಗೆ ಏರಿಸಿದರು. ಅವರು ತೋರಿದ ದಾರಿಯಲ್ಲಿ ಡೋಲಿನ ಜೊತೆಗೆ ಸ್ಯಾಕ್ಸೋಫೋನ್ ನುಡಿಸುವ ಅನೇಕ ಕಲಾವಿದರು ಆ ಭಾಗದಲ್ಲಿ ಬೆಳೆದರು. ಗೋಪಾಲನಾಥರೇ 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರೊಡನೆ ನುಡಿಸಿದ್ದರು. ಮುಂದೆ ಭಾರತೀಯ ಮೂಲದ ಅಮೆರಿಕನ್ ಜಾಝ್ ಕಲಾವಿದ ರುದ್ರೇಶ್ ಮಹಾಂತಪ್ಪ ಅವರೊಡನೆ ಮಾಡಿದ ಧ್ವನಿಮುದ್ರಣ 2008ರಲ್ಲಿ ಹೊರಬಂತು.

ಹೀಗೆ ನಮ್ಮಲ್ಲಿ ವಾದ್ಯ ಕಲಿತ ಹುಡುಗ ಹುಡುಗಿಯರು ಇಂದು ಮೊಬೈಲಿನಲ್ಲಿ ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕರಾದ ಚಾರ್ಲಿ ಪಾರ್ಕರ್, ಜಾನ್ ಕೋಲ್ಟ್ರೇನ್ ಅವರ ವಾದನವನ್ನು ಸುಲಭವಾಗಿ ಕೇಳುತ್ತಾರೆ. ಕೇಳಿದ ಮೇಲೆ ತಮ್ಮ ವಾದ್ಯದಿಂದ ಆ ನಾದ ಏಕೆ ಬರುತ್ತಿಲ್ಲ ಎಂಬ ಪ್ರಶ್ನೆ ಏಳುತ್ತದೆ. ವಿಚಾರಿಸಿದರೆ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: ಮೌತ್‌ಪೀಸ್ ಬದಲಾಯಿಸಿ. ಈ ಸಲಹೆ ತಪ್ಪಲ್ಲ. ಆದರೆ ಏನನ್ನು ಬದಲಾಯಿಸಿದರೆ ಏನಾಗುತ್ತದೆ ಎಂಬುದು ತಿಳಿಯದೆ ಕೊಂಡರೆ ಹಣ ಹೋಗುತ್ತದೆ, ನಾದ ಇದ್ದಲ್ಲೇ ಇರುತ್ತದೆ. ಅಂಗಡಿಯ ಪಟ್ಟಿಯಲ್ಲಿ ಕಾಣುವ ಸಂಖ್ಯೆ, ಅಕ್ಷರ, ವಿಶೇಷಣಗಳ ಹಿಂದಿರುವ ವಿಷಯ ಹೆಚ್ಚಿನದೇನಲ್ಲ. ಮೂರು ನಾಲ್ಕು ಅಳತೆಗಳನ್ನು ಅರ್ಥಮಾಡಿಕೊಂಡರೆ ಆಯ್ಕೆ ಬಹಳ ಸುಲಭವಾಗುತ್ತದೆ.

## ನಾದ ಹುಟ್ಟುವ ಜಾಗ

ಬೆಲ್ಜಿಯಂನ ದಿನಾಂತ್ ಊರಿನ ಅಡಾಲ್ಫ್ ಸ್ಯಾಕ್ಸ್ ಅವರು 1846ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದ ಈ ವಾದ್ಯ ಹಿತ್ತಾಳೆಯದಾದರೂ ಅದರ ನಾದ ಹುಟ್ಟುವುದು ಹಿತ್ತಾಳೆಯಲ್ಲಿ ಅಲ್ಲ. ಬಾಯಿಗೆ ಹಿಡಿಯುವ ತುಣುಕೇ ಮೌತ್‌ಪೀಸ್. ಅದರ ಕೆಳಮೈಯಲ್ಲಿ ಒಂದು ಉದ್ದನೆಯ ಕಿಂಡಿ ಇದೆ. ಆ ಕಿಂಡಿಯನ್ನು ಮುಚ್ಚುವಂತೆ, ಜೊಂಡಿನ ಜಾತಿಯ ಗಿಡದಿಂದ ಸೀಳಿ ತೆಗೆದು ತುದಿಯನ್ನು ತೆಳುವಾಗಿ ಹೆರೆದ ಪಟ್ಟಿಯೊಂದನ್ನು ಕೂರಿಸುತ್ತಾರೆ, ಅದು ರೀಡ್. ರೀಡನ್ನು ಬಿಗಿದು ಹಿಡಿಯುವ ಪಟ್ಟಿಗೆ ಲಿಗೇಚರ್ ಎನ್ನುತ್ತಾರೆ. ನಾಗಸ್ವರದ ಸೀವಾಳಿಯಲ್ಲಿ ಎರಡು ಎಲೆಗಳು ಒಂದಕ್ಕೊಂದು ತಾಗಿ ಮಿಡಿಯುತ್ತವೆ. ಸ್ಯಾಕ್ಸೋಫೋನಿನಲ್ಲಿ ಇರುವುದು ಒಂದೇ ಎಲೆ, ಅದು ಮೌತ್‌ಪೀಸಿನ ಗಟ್ಟಿ ಅಂಚಿಗೆ ತಾಗಿ ಮಿಡಿಯುತ್ತದೆ.

ಊದಿದಾಗ ಬಾಯೊಳಗಿನ ಗಾಳಿಯ ಒತ್ತಡವು ಮೌತ್‌ಪೀಸಿನ ಒಳಗಿನ ಒತ್ತಡಕ್ಕಿಂತ ಹೆಚ್ಚಾಗುತ್ತದೆ, ಆ ವ್ಯತ್ಯಾಸ ರೀಡನ್ನು ಒಳಕ್ಕೆ ತಳ್ಳಿ ಕಿಂಡಿಯನ್ನು ಮುಚ್ಚಲು ಹೊರಡುತ್ತದೆ, ಅಷ್ಟರಲ್ಲಿ ಕೊಳವೆಯ ಇನ್ನೊಂದು ತುದಿಯಿಂದ ಮರಳಿ ಬಂದ ಒತ್ತಡದ ಅಲೆ ರೀಡನ್ನು ಮತ್ತೆ ತೆರೆಯುತ್ತದೆ. 440 ಹರ್ಟ್ಜ್‌ನ ಸ್ವರ ನುಡಿಸುವಾಗ ಈ ತೆರೆಯುವ ಮುಚ್ಚುವ ಆಟ ಸೆಕೆಂಡಿಗೆ 440 ಸಲ ನಡೆಯುತ್ತದೆ. ಯಾವ ಸ್ವರ ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ಬೆರಳುಗಳು ತೆರೆದು ಮುಚ್ಚುವ ಕೊಳವೆಯ ಉದ್ದ. ಆದರೆ ರೀಡ್ ಎಷ್ಟು ಚುರುಕಾಗಿ ಮುಚ್ಚಿತು, ಎಷ್ಟು ಹೊತ್ತು ಮುಚ್ಚಿಕೊಂಡಿತ್ತು, ಅದರ ಬೆನ್ನಿಗಿರುವ ಪೊಳ್ಳು ಎಷ್ಟು ದೊಡ್ಡದು ಎಂಬುದರ ಮೇಲೆ ಆ ಸ್ವರದ ಬಣ್ಣ ನಿಲ್ಲುತ್ತದೆ. ಯಾವ ಸ್ವರವೂ ಒಂಟಿಯಲ್ಲ. ಮೂಲ ಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನವುಳ್ಳ ಉಪಸ್ವರಗಳು ಸೇರಿಕೊಂಡಿರುತ್ತವೆ. ಮೇಲಿನ ಉಪಸ್ವರಗಳು ಬಲವಾಗಿದ್ದರೆ ನಾದ ತೀಕ್ಷ್ಣವಾಗಿ, ಹೊಳೆಯುವಂತೆ ಕೇಳುತ್ತದೆ. ಅಂಗಡಿಯವರು ಇದನ್ನು ಬ್ರೈಟ್ ಎನ್ನುತ್ತಾರೆ. ಅವು ತಗ್ಗಿದ್ದರೆ ನಾದ ದುಂಡಗೆ, ಗಾಢವಾಗಿ ಕೇಳುತ್ತದೆ. ಇದಕ್ಕೆ ಡಾರ್ಕ್ ಎಂಬ ಹೆಸರಿದೆ. ಮೌತ್‌ಪೀಸ್ ಬದಲಾಯಿಸುವುದೆಂದರೆ ಈ ಮಿಶ್ರಣವನ್ನು ಬದಲಾಯಿಸುವುದು.

## ತುದಿಯ ತೆರಪು

ರೀಡಿನ ತುದಿಗೂ ಮೌತ್‌ಪೀಸಿನ ತುದಿಗೂ ನಡುವೆ ಇರುವ ಅಂತರಕ್ಕೆ ಟಿಪ್ ಓಪನಿಂಗ್ ಎಂದು ಹೆಸರು. ಇದನ್ನು ಮಿಲಿಮೀಟರಿನಲ್ಲೋ ಇಂಚಿನ ಸಾವಿರದ ಭಾಗಗಳಲ್ಲೋ ಹೇಳುತ್ತಾರೆ. ಸ್ಯಾಕ್ಸೋಫೋನಿನ ಬಗೆಗಳಲ್ಲಿ ಆಲ್ಟೋ ಚಿಕ್ಕದು, ಟೆನರ್ ಅದಕ್ಕಿಂತ ದೊಡ್ಡದು, ತಗ್ಗಿನ ಶ್ರುತಿಯದು. ಹೊಸದಾಗಿ ಕಲಿಯುವವರ ಕೈಗೆ ಬರುವ ಯಮಾಹಾ 4ಸಿ ಆಲ್ಟೋ ಮೌತ್‌ಪೀಸಿನಲ್ಲಿ ಈ ತೆರಪು ಕಡಿಮೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ವಿದ್ಯಾರ್ಥಿಗಳು ಹೆಚ್ಚಾಗಿ ಬಳಸುವ ಸೆಲ್ಮರ್ ಎಸ್80 ಸಿ ಸ್ಟಾರ್‌ನಲ್ಲಿ ಅದು 1.70 ಮಿಲಿಮೀಟರ್. ಜಾಝ್ ಆಲ್ಟೋ ವಾದಕರಲ್ಲಿ ಬಹುಕಾಲದಿಂದ ಹೆಸರಾದ ಮೇಯರ್ 5ರಲ್ಲಿ ಅದು ಇಂಚಿನ ಸಾವಿರದ 71 ಭಾಗ, ಅಂದರೆ ಸುಮಾರು 1.80 ಮಿಲಿಮೀಟರ್, ಮೇಯರ್ 6ರಲ್ಲಿ ಸಾವಿರದ 76 ಭಾಗ, ಸುಮಾರು 1.93 ಮಿಲಿಮೀಟರ್. ಕಣ್ಣಿಗೆ ಕಾಣದಷ್ಟು ಚಿಕ್ಕ ವ್ಯತ್ಯಾಸಗಳಿವು, ಆದರೆ ತುಟಿಗೆ ಮೊದಲ ಉಸಿರಿನಲ್ಲೇ ಗೊತ್ತಾಗುತ್ತವೆ.

ತೆರಪು ಹೆಚ್ಚಿದಷ್ಟೂ ರೀಡ್ ಹೆಚ್ಚು ದೂರ ಓಲಾಡಬೇಕು, ಅದಕ್ಕೆ ಹೆಚ್ಚು ಗಾಳಿ ಬೇಕು. ಪ್ರತಿಯಾಗಿ ಸಿಗುವ ಲಾಭ ಎರಡು. ಜೋರಾಗಿ ಊದಿದರೂ ರೀಡ್ ಸುಲಭಕ್ಕೆ ಮುಚ್ಚಿಕೊಳ್ಳದೆ ನಾದ ಇನ್ನೂ ಬೆಳೆಯಲು ಜಾಗ ಇರುತ್ತದೆ. ತುಟಿ ದವಡೆಗಳ ಸಣ್ಣ ಚಲನೆಗೆ ಸ್ವರ ಬಾಗುತ್ತದೆ, ಕೆಳಗಿನಿಂದ ಜಾರಿ ಮೇಲೇರುತ್ತದೆ, ಮಂದ್ರದಲ್ಲಿ ಉಸಿರು ಬೆರೆತ ಪಿಸುದನಿಯಂಥ ನಾದ ಹೊರಡುತ್ತದೆ. ಜಾಝ್ ಶೈಲಿಯ ಅಭಿವ್ಯಕ್ತಿ ಬಹುಪಾಲು ಇಂಥ ಬಾಗು ಬಳಕುಗಳಲ್ಲಿ ಇರುವುದರಿಂದ ಜಾಝ್ ವಾದಕರು ಶಾಸ್ತ್ರೀಯ ವಾದಕರಿಗಿಂತ ಅಗಲವಾದ ತೆರಪನ್ನು ಇಷ್ಟಪಡುತ್ತಾರೆ. ಆದರೆ ಬಾಗುವ ಸ್ವರ ಬೇಡವಾದಾಗಲೂ ಬಾಗುತ್ತದೆ. ತುಟಿಯ ಸ್ನಾಯುಗಳು ಪಳಗಿರದ ವಾದಕನಿಗೆ ಅಗಲದ ತೆರಪು ಶ್ರುತಿ ತಪ್ಪಿಸುತ್ತದೆ, ಮೆಲ್ಲನೆ ನುಡಿಸಲು ಬಿಡುವುದಿಲ್ಲ. ಅದನ್ನು ಹಿಡಿತಕ್ಕೆ ತರಲು ಅವನು ರೀಡನ್ನು ಕಚ್ಚತೊಡಗುತ್ತಾನೆ, ಕಚ್ಚಿದೊಡನೆ ನಾದ ಸಣ್ಣದಾಗಿ ಹಿಂಡಿಹೋಗುತ್ತದೆ. ದೊಡ್ಡ ನಾದ ಬಯಸಿ ಅತಿ ಅಗಲದ ಮೌತ್‌ಪೀಸ್ ಕೊಂಡವರಿಗೆ ಕೊನೆಗೆ ಚಿಕ್ಕ ನಾದ ಸಿಗುವುದು ಈ ಕಾರಣದಿಂದ.

ತೆರಪಿನ ಜೊತೆಗೇ ನೋಡಬೇಕಾದದ್ದು ಫೇಸಿಂಗ್. ರೀಡ್ ಕೂರುವ ಚಪ್ಪಟೆ ಮೈಯಿಂದ ಮೌತ್‌ಪೀಸಿನ ಅಂಚು ತುದಿಯ ಕಡೆಗೆ ಮೆಲ್ಲಗೆ ಬಾಗಿ ದೂರ ಸರಿಯುತ್ತದೆ. ಆ ಬಾಗು ಎಲ್ಲಿ ಶುರುವಾಗುತ್ತದೋ ಅಲ್ಲಿಂದ ತುದಿಯವರೆಗಿನ ಅಳತೆಯೇ ಫೇಸಿಂಗ್. ಆಲ್ಟೋದಲ್ಲಿ ಅದು ಸುಮಾರು 20 ಮಿಲಿಮೀಟರಿನ ಆಸುಪಾಸು. ಮೊದಲ ಆಯ್ಕೆಯಲ್ಲಿ ಇದರ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ, ಮಧ್ಯಮ ಎಂದು ಬರೆದಿರುವುದನ್ನು ತೆಗೆದುಕೊಂಡರೆ ಸಾಕು. ಆದರೆ ಎಡಬಲದ ಎರಡೂ ಅಂಚುಗಳ ಬಾಗು ಒಂದೇ ಸಮನಾಗಿರಬೇಕು. ಅಗ್ಗದ ಮೌತ್‌ಪೀಸುಗಳು ಕೀರಲುವುದಕ್ಕೆ ಈ ಬಾಗು ಎರಡು ಬದಿಯಲ್ಲಿ ಹೊಂದದಿರುವುದು ಒಂದು ಮುಖ್ಯ ಕಾರಣ.

## ಒಳಗಿನ ಚಾವಣಿ ಮತ್ತು ಪೊಳ್ಳು

ಮೌತ್‌ಪೀಸನ್ನು ಕಿಂಡಿಯ ಕಡೆಯಿಂದ ಇಣುಕಿ ನೋಡಿದರೆ ತುದಿಯ ಹಿಂದೆಯೇ ರೀಡಿಗೆ ಎದುರಾಗಿ ಒಂದು ಇಳಿಜಾರು ಕಾಣುತ್ತದೆ. ಇದು ಬ್ಯಾಫಲ್. ಅದನ್ನು ದಾಟಿದ ಮೇಲೆ ಸಿಗುವ ಪೊಳ್ಳು ಭಾಗ ಚೇಂಬರ್. ನಾದದ ಬಣ್ಣವನ್ನು ತೀರ್ಮಾನಿಸುವುದರಲ್ಲಿ ಈ ಜೋಡಿಯ ಪಾತ್ರ ಉಳಿದೆಲ್ಲಕ್ಕಿಂತ ದೊಡ್ಡದು. ಕೊಳ್ಳುವವರು ಮಾತ್ರ ತೆರಪಿನ ಸಂಖ್ಯೆಯೊಂದನ್ನೇ ನೋಡಿ ಇದನ್ನು ಮರೆಯುತ್ತಾರೆ.

ಬ್ಯಾಫಲ್ ರೀಡಿಗೆ ಹತ್ತಿರವಾಗಿ ಎತ್ತರದಲ್ಲಿದ್ದರೆ ಮೇಲಿನ ಉಪಸ್ವರಗಳು ಬಲವಾಗುತ್ತವೆ. ನಾದಕ್ಕೆ ಅಂಚು ಬರುತ್ತದೆ, ಡ್ರಮ್ಸ್ ಮತ್ತು ಎಲೆಕ್ಟ್ರಿಕ್ ಗಿಟಾರಿನ ಗದ್ದಲವನ್ನು ಸೀಳಿಕೊಂಡು ಅದು ಕೇಳುಗರನ್ನು ಮುಟ್ಟುತ್ತದೆ. ಬ್ಯಾಫಲ್ ತಗ್ಗಿದ್ದು ಬೇಗನೆ ಇಳಿದರೆ ನಾದ ದುಂಡಾಗುತ್ತದೆ. ತುದಿಯ ಹತ್ತಿರ ಮಾತ್ರ ಸ್ವಲ್ಪ ಉಬ್ಬಿ ಆಮೇಲೆ ಇಳಿಯುವ ಬಗೆಗೆ ರೋಲ್‌ಓವರ್ ಬ್ಯಾಫಲ್ ಎನ್ನುತ್ತಾರೆ. ಮೆಟ್ಟಿಲಿನಂತೆ ಸ್ವಲ್ಪ ದೂರ ಎತ್ತರದಲ್ಲೇ ಸಾಗಿ ಥಟ್ಟನೆ ಕೆಳಗಿಳಿಯುವುದು ಸ್ಟೆಪ್ ಬ್ಯಾಫಲ್. ಸಂಪ್ರದಾಯದ ಜಾಝ್ ನಾದಕ್ಕೆ ಮೊದಲನೆಯದು ಒಗ್ಗುತ್ತದೆ. ಎರಡನೆಯದು ಫಂಕ್, ಫ್ಯೂಷನ್, ರಾಕ್ ಸಂಗೀತಗಳಲ್ಲಿ ಹೆಚ್ಚು.

ಚೇಂಬರಿನ ಗಾತ್ರ ನಾದವನ್ನಷ್ಟೇ ಅಲ್ಲ, ಶ್ರುತಿಯನ್ನೂ ಮುಟ್ಟುತ್ತದೆ. ನಲ್ಲಿಯ ಕೆಳಗೆ ಕೊಡ ಇಟ್ಟು ನೀರು ತುಂಬಿಸುವಾಗ, ಒಳಗಿನ ಖಾಲಿ ಜಾಗ ಕಡಿಮೆಯಾದಂತೆಲ್ಲ ಕೊಡದ ಸದ್ದು ಮೇಲೇರುವುದನ್ನು ಎಲ್ಲರೂ ಕೇಳಿರುತ್ತಾರೆ. ಮೌತ್‌ಪೀಸಿನಲ್ಲೂ ಹಾಗೆಯೇ, ಒಳಗಿನ ಜಾಗ ಚಿಕ್ಕದಾದರೆ ವಾದ್ಯದ ಶ್ರುತಿ ಮೇಲಕ್ಕೆ ಎಳೆಯುತ್ತದೆ, ದೊಡ್ಡದಾದರೆ ಕೆಳಕ್ಕೆ ಜಾರುತ್ತದೆ. ವಾದಕ ಇದನ್ನು ಸರಿದೂಗಿಸುವುದು ವಾದ್ಯದ ಕುತ್ತಿಗೆಯ ಕಾರ್ಕಿನ ಮೇಲೆ ಮೌತ್‌ಪೀಸನ್ನು ಒಳಕ್ಕೆ ಒತ್ತಿ ಅಥವಾ ಹೊರಕ್ಕೆ ಸರಿಸಿ. ಆದರೆ ಹಾಗೆ ಸರಿಸುವುದಕ್ಕೂ ಮಿತಿ ಇದೆ, ಅದರ ಕಾರಣ ವಾದ್ಯದ ಆಕಾರದಲ್ಲಿದೆ. ಸ್ಯಾಕ್ಸೋಫೋನಿನ ಕೊಳವೆ ಶಂಕುವಿನಂತೆ ಅಗಲವಾಗುತ್ತಾ ಹೋಗುತ್ತದೆ, ಆದರೆ ಊದಲು ಅನುಕೂಲವಾಗಲೆಂದು ಶಂಕುವಿನ ಚೂಪು ತುದಿಯನ್ನು ಕತ್ತರಿಸಿ ತೆಗೆದಿರುತ್ತಾರೆ. ಕತ್ತರಿಸಿದ ಆ ತುದಿಯಲ್ಲಿ ಎಷ್ಟು ಜಾಗ ಇರುತ್ತಿತ್ತೋ ಸರಿಸುಮಾರು ಅಷ್ಟೇ ಜಾಗವನ್ನು ಮೌತ್‌ಪೀಸ್ ತುಂಬಿಕೊಟ್ಟಾಗ ಮಾತ್ರ ಮಂದ್ರ, ಮಧ್ಯ, ತಾರ ಸ್ಥಾಯಿಗಳು ಒಂದಕ್ಕೊಂದು ಹೊಂದುತ್ತವೆ. ಅಳತೆ ತೀರ ತಪ್ಪಿದರೆ ಕೆಳಗಿನ ಸ್ಥಾಯಿಯಲ್ಲಿ ಶ್ರುತಿ ಕೂಡಿಸಿದರೂ ಮೇಲಿನ ಸ್ಥಾಯಿ ಬೇರೆಯೇ ಹೇಳುತ್ತದೆ. ಹಳೆಯ ಕಾಲದ ವಾದ್ಯಕ್ಕೆ ಇಂದಿನ ಕಿರಿದಾದ ಮೌತ್‌ಪೀಸ್ ಹಾಕಿದಾಗ ಈ ತೊಂದರೆ ಹೆಚ್ಚು. ಅಡಾಲ್ಫ್ ಸ್ಯಾಕ್ಸ್ ಅವರ ಮೂಲ ಮೌತ್‌ಪೀಸುಗಳ ಚೇಂಬರ್ ದೊಡ್ಡದಾಗಿ ದುಂಡಗಿತ್ತು. ದೊಡ್ಡ ಬ್ಯಾಂಡುಗಳ ನಡುವೆ ಸ್ಯಾಕ್ಸೋಫೋನ್ ಕೇಳಬೇಕಾಗಿ ಬಂದಂತೆ ಚೇಂಬರ್ ಕಿರಿದಾಗುತ್ತಾ, ಬ್ಯಾಫಲ್ ಏರುತ್ತಾ ಬಂತು.

## ಜಾಝ್ ನಾದ ಒಂದೇ ಅಲ್ಲ

ಇಲ್ಲಿ ಕೊಳ್ಳುವವರು ಒಂದು ಗಳಿಗೆ ನಿಂತು ತಮ್ಮ ಕಿವಿಯನ್ನು ಕೇಳಿಕೊಳ್ಳಬೇಕು. ಡೇವ್ ಬ್ರೂಬೆಕ್ ತಂಡದ ಪಾಲ್ ಡೆಸ್ಮಂಡ್ ಅವರ ಆಲ್ಟೋ ತಿಳಿಯಾಗಿ, ಹಗುರವಾಗಿ, ಬಹುತೇಕ ಕೊಳಲಿನ ಹಾಗೆ ತೇಲುತ್ತದೆ. ಅವರು ಬಳಸುತ್ತಿದ್ದದ್ದು ಗ್ರೆಗರಿ ಎಂಬ ಹೆಸರಿನ, ತೆರಪು ಕಡಿಮೆಯಿದ್ದ ಮೌತ್‌ಪೀಸ್. ಕ್ಯಾನನ್‌ಬಾಲ್ ಆಡರ್ಲಿ ಅವರ ಆಲ್ಟೋ ತುಂಬಿ ತುಳುಕುವಂಥದ್ದು, ಅದರಲ್ಲಿ ಬ್ಲೂಸ್ ಹಾಡುಗಾರರ ಕಂಠದ ಬಿಸಿಯಿದೆ. ಅವರದು ನ್ಯೂಯಾರ್ಕಿನಲ್ಲಿ ತಯಾರಾದ ಮೇಯರ್. ಪಾಪ್ ಮತ್ತು ಫ್ಯೂಷನ್ ಸಂಗೀತದಲ್ಲಿ ಹೆಸರಾದ ಡೇವಿಡ್ ಸ್ಯಾನ್‌ಬಾರ್ನ್ ಅವರ ಆಲ್ಟೋ ಅಳುವಂತೆ ಕೂಗುವಂತೆ ಚೂಪಾಗಿದೆ. ಅವರು ಬಳಸಿದ್ದು ಎತ್ತರದ ಬ್ಯಾಫಲ್ ಉಳ್ಳ ಡ್ಯೂಕಾಫ್ ಲೋಹದ ಮೌತ್‌ಪೀಸ್. ಟೆನರಿನಲ್ಲಿ ಜಾನ್ ಕೋಲ್ಟ್ರೇನ್ ಅವರ ಹೆಸರಿನೊಡನೆ ಆಟೋ ಲಿಂಕ್ ಲೋಹದ ಮೌತ್‌ಪೀಸ್ ಸೇರಿಕೊಂಡಿದೆ, ಜೋ ಹೆಂಡರ್ಸನ್ ಅವರ ಹೆಸರಿನೊಡನೆ ಸೆಲ್ಮರ್ ಸೋಲೋಯಿಸ್ಟ್.

ಇವರೆಲ್ಲರದೂ ಜಾಝ್ ನಾದವೇ. ಹಾಗಾಗಿ ಜಾಝ್ ಮೌತ್‌ಪೀಸ್ ಎಂದು ಕೇಳುವುದಕ್ಕಿಂತ ಯಾರ ನಾದದ ಕಡೆಗೆ ತನ್ನ ಮನಸ್ಸು ಒಲಿದಿದೆ ಎಂಬುದನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು. 1959ರಲ್ಲಿ ಮೈಲ್ಸ್ ಡೇವಿಸ್ ಅವರ ತಂಡದಲ್ಲಿ ಆಡರ್ಲಿ ಮತ್ತು ಕೋಲ್ಟ್ರೇನ್ ಜೊತೆಯಾಗಿ ಮಾಡಿದ ಧ್ವನಿಮುದ್ರಣಗಳನ್ನು ಕೇಳಿದರೆ, ಒಂದೇ ಕೋಣೆಯಲ್ಲಿ ಒಂದೇ ಸಂಗೀತಕ್ಕೆ ಎರಡು ಎಷ್ಟು ಬೇರೆ ಬೇರೆ ನಾದಗಳು ಹೊಂದಬಲ್ಲವು ಎಂಬುದು ಮನವರಿಕೆಯಾಗುತ್ತದೆ. ಆದರೆ ಅವರ ಮೌತ್‌ಪೀಸನ್ನೇ ಕೊಂಡರೆ ಅವರ ನಾದ ಬರುತ್ತದೆ ಎಂದಲ್ಲ. ಚಾರ್ಲಿ ಪಾರ್ಕರ್ 1953ರ ಮೇ ತಿಂಗಳಲ್ಲಿ ಟೊರಾಂಟೋದ ಮ್ಯಾಸಿ ಹಾಲ್ ಕಛೇರಿಯಲ್ಲಿ ನುಡಿಸಿದ್ದು ಗ್ರಾಫ್ಟನ್ ಎಂಬ ಪ್ಲಾಸ್ಟಿಕ್ ಆಲ್ಟೋ. ವಾದ್ಯದ ಮೈ ಹಿತ್ತಾಳೆಯಿಂದ ಪ್ಲಾಸ್ಟಿಕ್ಕಿಗೆ ಬದಲಾದರೂ ಕೇಳಿದವರಿಗೆ ಸಿಕ್ಕಿದ್ದು ಪಾರ್ಕರ್ ಅವರ ನಾದವೇ. ಬಾಯಿಯ ಒಳಗಿನ ಆಕಾರ, ನಾಲಿಗೆ ನಿಲ್ಲುವ ಎತ್ತರ, ಕೆಳತುಟಿಯ ಹಿಡಿತ, ಗಂಟಲಿನ ಬಿಡುವು ಇವೆಲ್ಲ ನಾದದ ಭಾಗವೇ, ಇವು ಅಂಗಡಿಯಲ್ಲಿ ಸಿಗುವುದಿಲ್ಲ. ವಾದಕ ಬಯಸುವ ನಾದಕ್ಕೆ ಅಡ್ಡ ಬರದೆ, ಅದನ್ನು ಕಡಿಮೆ ಶ್ರಮದಲ್ಲಿ ಹೊರಡಿಸುವುದಷ್ಟೇ ಒಳ್ಳೆಯ ಮೌತ್‌ಪೀಸಿನ ಕೆಲಸ.

## ಲೋಹವೋ, ರಬ್ಬರೋ

ಮೌತ್‌ಪೀಸುಗಳು ಮುಖ್ಯವಾಗಿ ಮೂರು ವಸ್ತುಗಳಿಂದ ಬರುತ್ತವೆ: ಪ್ಲಾಸ್ಟಿಕ್, ಎಬೊನೈಟ್ ಎಂದು ಕರೆಯುವ ಗಂಧಕ ಬೆರೆಸಿ ಗಟ್ಟಿಮಾಡಿದ ರಬ್ಬರ್, ಮತ್ತು ಲೋಹ. ಲೋಹದ್ದು ತೀಕ್ಷ್ಣ, ರಬ್ಬರಿನದು ಮೆದು ಎಂಬ ನಂಬಿಕೆ ಎಲ್ಲ ಕಡೆಯೂ ಬೇರೂರಿದೆ. ಇದು ಅರ್ಧ ಸತ್ಯ. ನಾದವನ್ನು ತೀರ್ಮಾನಿಸುವುದು ಒಳಗಿನ ಗಾಳಿಯ ಆಕಾರ. ಗೋಡೆ ಯಾವುದರಿಂದ ಆಗಿದೆ ಎಂಬುದರ ಪ್ರಭಾವ ಅದರ ಮುಂದೆ ಬಹಳ ಚಿಕ್ಕದು. ಲೋಹದ ಮೌತ್‌ಪೀಸುಗಳಲ್ಲಿ ಅನೇಕವನ್ನು ಎತ್ತರದ ಬ್ಯಾಫಲ್ ಇಟ್ಟು ಮಾಡುವುದರಿಂದ ಆ ಹೆಸರು ಲೋಹಕ್ಕೆ ಅಂಟಿಕೊಂಡಿದೆ. ಕೋಲ್ಟ್ರೇನ್ ಬಳಸಿದ ಬಗೆಯ ಆಟೋ ಲಿಂಕ್ ಲೋಹದ್ದೇ ಆದರೂ ಅದರ ಒಳಗಿನ ಚೇಂಬರ್ ವಿಶಾಲವಾಗಿದೆ, ಅದರ ನಾದದಲ್ಲಿ ಗಾಢತೆ ಇದೆ.

ವಸ್ತುವಿನಿಂದ ನಿಜವಾಗಿ ಬದಲಾಗುವುದು ಹಿಡಿತ. ಲೋಹ ಗಟ್ಟಿಯಾದ್ದರಿಂದ ಮೌತ್‌ಪೀಸಿನ ಮೂತಿಯನ್ನು ಸಣ್ಣದಾಗಿ ಮಾಡಬಹುದು, ಬಾಯಿ ಅಷ್ಟು ಅಗಲಕ್ಕೆ ತೆರೆಯಬೇಕಾಗಿಲ್ಲ. ಕೆಲವರಿಗೆ ಇದು ಹಿತ, ಕೆಲವರಿಗೆ ಅಭ್ಯಾಸವಾಗುವುದಿಲ್ಲ. ಲೋಹದ ಮೌತ್‌ಪೀಸ್ ಹಲ್ಲಿಗೆ ತಾಗಿ ಕಂಪನವನ್ನು ತಲೆಬುರುಡೆಗೆ ಕಳಿಸುವುದರಿಂದ ನುಡಿಸುವವರಿಗೆ ತೀಕ್ಷ್ಣವಾಗಿ ಕೇಳಬಹುದು. ಎದುರಿಗೆ ಕೂತವರಿಗೆ ಅದು ಹಾಗೆಯೇ ಕೇಳಬೇಕೆಂದಿಲ್ಲ. ಮೇಲ್ಭಾಗದಲ್ಲಿ ತೆಳುವಾದ ರಬ್ಬರಿನ ಬಿಲ್ಲೆಯೊಂದನ್ನು ಅಂಟಿಸಿಕೊಂಡರೆ ಈ ವ್ಯತ್ಯಾಸ ಬಹಳಷ್ಟು ತಗ್ಗುತ್ತದೆ, ಹಲ್ಲಿಗೂ ಹಿತ. ಎಬೊನೈಟ್ ಕೊಂಡವರು ಒಂದನ್ನು ನೆನಪಿಟ್ಟುಕೊಳ್ಳಬೇಕು: ಬಿಸಿನೀರಿನಲ್ಲಿ ತೊಳೆದರೆ, ಬಿಸಿಲಿಗೆ ಇಟ್ಟರೆ ಅದರ ಕಪ್ಪು ಮೈ ಹಸಿರು ಮಿಶ್ರಿತ ಕಂದಾಗುತ್ತದೆ, ಗಂಧಕದ ವಾಸನೆ ಏಳುತ್ತದೆ. ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು, ಮೆತ್ತನೆಯ ಬ್ರಷ್ ಸಾಕು.

## ಮೈಮೇಲಿನ ಸಂಖ್ಯೆಗಳು

ಎಲ್ಲ ಕಂಪನಿಗಳಿಗೂ ಒಪ್ಪುವ ಒಂದೇ ಪದ್ಧತಿ ಇಲ್ಲದಿರುವುದು ಕೊಳ್ಳುವವರಿಗೆ ಆಗುವ ದೊಡ್ಡ ಗೊಂದಲ. ಸೆಲ್ಮರ್ ಅಕ್ಷರಗಳನ್ನು ಬಳಸುತ್ತದೆ. ಸಿ ಸ್ಟಾರ್‌ಗಿಂತ ಡಿ, ಡಿಗಿಂತ ಇ ಅಗಲ. ಮೇಯರ್‌ನಲ್ಲಿ 5 ಎಂಬ ಸಂಖ್ಯೆ ತೆರಪನ್ನು ಹೇಳಿದರೆ, ಅದರ ಮುಂದೆ ಬರುವ ಎಂ ಎಂಬ ಎರಡು ಅಕ್ಷರಗಳು ಫೇಸಿಂಗ್ ಮತ್ತು ಚೇಂಬರ್ ಎರಡೂ ಮಧ್ಯಮ ಗಾತ್ರದವು ಎಂದು ಹೇಳುತ್ತವೆ. ಆಟೋ ಲಿಂಕ್ ಟೆನರಿನಲ್ಲಿ 6 ಸ್ಟಾರ್ ಎಂದರೆ ಇಂಚಿನ ಸಾವಿರದ 95 ಭಾಗ, 7 ಎಂದರೆ 100, 7 ಸ್ಟಾರ್ ಎಂದರೆ 105, ಅಂದರೆ ಸುಮಾರು 2.67 ಮಿಲಿಮೀಟರ್. ಬರ್ಗ್ ಲಾರ್ಸನ್ ಮಾತ್ರ ಅಳತೆಯನ್ನೇ ನೇರವಾಗಿ ಬರೆಯುತ್ತದೆ: 110 ಎಂದಿದ್ದರೆ ಸಾವಿರದ 110 ಭಾಗ, ಅದರ ಪಕ್ಕದಲ್ಲಿ 0ಯಿಂದ 3ರವರೆಗಿನ ಅಂಕಿ ಇದ್ದರೆ ಅದು ಒಳಗಿನ ಆಕಾರ, 0 ಅತಿ ತೀಕ್ಷ್ಣ, 3 ಅತಿ ಮೆದು.

ಆಲ್ಟೋ ಮತ್ತು ಟೆನರ್ ಅಳತೆಗಳನ್ನು ಒಂದಕ್ಕೊಂದು ಹೋಲಿಸಬಾರದು. ಟೆನರಿನ ರೀಡ್ ದೊಡ್ಡದು, ಆದ್ದರಿಂದ ಅದರ ತೆರಪೂ ಹೆಚ್ಚು. ಒಂದು ಕಂಪನಿಯ 5 ಇನ್ನೊಂದರ 5 ಆಗಿರಬೇಕಾಗಿಲ್ಲ. ಕೊಳ್ಳುವ ಮುನ್ನ ಆಯಾ ಕಂಪನಿ ಪ್ರಕಟಿಸುವ ಅಳತೆಯ ಪಟ್ಟಿಯನ್ನು ಹುಡುಕಿ ಮಿಲಿಮೀಟರಿಗೆ ಇಳಿಸಿಕೊಂಡರೆ ಮೋಸಹೋಗುವ ಸಂಭವ ಕಡಿಮೆ.

ಕಲಿಕೆಯ ಮೌತ್‌ಪೀಸಿನಿಂದ ಮೊದಲ ಸಲ ಜಾಝ್‌ಗೆ ಹೊರಳುವವರಿಗೆ ನಾನು ಹೇಳುವುದು ಒಂದೇ. ಆಲ್ಟೋ ಆದರೆ 1.80ರಿಂದ 1.95 ಮಿಲಿಮೀಟರ್ ತೆರಪು, ಟೆನರ್ ಆದರೆ ಇಂಚಿನ ಸಾವಿರದ 90ರಿಂದ 100 ಭಾಗದ ಒಳಗಿನ ತೆರಪು, ಮಧ್ಯಮ ಚೇಂಬರ್, ತುದಿಯಲ್ಲಿ ಸ್ವಲ್ಪ ಉಬ್ಬಿದ ಬ್ಯಾಫಲ್, ಎಬೊನೈಟ್. ಇದು ರೋಮಾಂಚನ ಹುಟ್ಟಿಸುವ ಸಲಹೆಯಲ್ಲ ಎಂಬುದು ನಿಜ. ಚಿನ್ನದ ಲೇಪವುಳ್ಳ ಲೋಹದ ಮೌತ್‌ಪೀಸಿನ ಸೆಳೆತ ದೊಡ್ಡದು. ಆದರೆ ನಡುವಿನ ಅಳತೆಯಲ್ಲಿ ನಿಂತು ಕಲಿತವರಿಗೆ ಮುಂದೆ ಯಾವ ದಿಕ್ಕಿಗೆ ಹೋಗಬೇಕೆಂಬುದು ತಾನೇ ತಿಳಿಯುತ್ತದೆ, ಅತಿರೇಕದ ಅಳತೆಯಿಂದ ಶುರುಮಾಡಿದವರಿಗೆ ಆ ತಿಳಿವಳಿಕೆ ಸಿಗುವುದು ಕಷ್ಟ.

## ರೀಡನ್ನು ಬಿಟ್ಟು ಮೌತ್‌ಪೀಸ್ ಇಲ್ಲ

ರೀಡುಗಳನ್ನು ಅವುಗಳ ಬಿಗುವಿಗೆ ತಕ್ಕಂತೆ 1ರಿಂದ 5ರವರೆಗೆ, ನಡುವೆ ಅರ್ಧದ ಹೆಜ್ಜೆಗಳಲ್ಲಿ ವಿಂಗಡಿಸುತ್ತಾರೆ. ಇದು ದಪ್ಪದ ಅಳತೆಯಲ್ಲ, ಬಾಗಲು ರೀಡ್ ಒಡ್ಡುವ ವಿರೋಧದ ಅಳತೆ. ಒಂದೇ ಬಗೆಯಲ್ಲಿ ಕತ್ತರಿಸಿದ ಎರಡು ರೀಡುಗಳು ಬೇರೆ ಬೇರೆ ಸಂಖ್ಯೆ ಪಡೆಯುವುದು ಗಿಡದ ನಾರಿನ ಸಾಂದ್ರತೆಯಲ್ಲಿರುವ ವ್ಯತ್ಯಾಸದಿಂದ.

ತೆರಪು ಅಗಲವಾದಾಗ ರೀಡ್ ಹೆಚ್ಚು ಬಾಗಬೇಕಾಗುತ್ತದೆ, ಆದ್ದರಿಂದ ಅದು ಮೆದುವಾಗಿರಬೇಕು. 1.70 ಮಿಲಿಮೀಟರಿನಲ್ಲಿ 3ರ ರೀಡ್ ಬಳಸುತ್ತಿದ್ದವರು 1.93ಕ್ಕೆ ಹೋದರೆ ಅರ್ಧ ಸಂಖ್ಯೆ ಇಳಿದು 2½ಕ್ಕೆ ಬರುವುದು ಸಹಜ. ಇದನ್ನು ತಿಳಿಯದೆ ಹಳೆಯ ಗಟ್ಟಿ ರೀಡನ್ನೇ ಹೊಸ ಮೌತ್‌ಪೀಸಿಗೆ ಹಾಕಿ, ಗಾಳಿಯ ಸದ್ದಲ್ಲದೆ ಬೇರೇನೂ ಬರದಿದ್ದಾಗ ಮೌತ್‌ಪೀಸ್ ಕೆಟ್ಟದ್ದೆಂದು ತೀರ್ಮಾನಿಸುವವರು ಬಹಳ. ಅತಿ ಮೆದು ರೀಡ್ ಆದರೆ ತಾರ ಸ್ಥಾಯಿಯಲ್ಲಿ ಮುಚ್ಚಿಕೊಂಡು ಸ್ವರ ನಿಂತೇ ಹೋಗುತ್ತದೆ, ನಾದ ತಗಡಿನಂತೆ ಕೇಳುತ್ತದೆ.

ಜಾಝ್‌ಗೆಂದೇ ಕತ್ತರಿಸಿದ ರೀಡುಗಳೂ ಇವೆ. ವ್ಯಾಂಡೋರೆನ್ ಜಾವಾ, ಡಿ'ಆಡಾರಿಯೋ ಸೆಲೆಕ್ಟ್ ಜಾಝ್ ಅಂಥವು. ಹೊಸ ಮೌತ್‌ಪೀಸ್ ಕೊಳ್ಳುವ ಮುನ್ನ, ಈಗಿರುವುದಕ್ಕೇ ಇಂಥ ರೀಡೊಂದನ್ನು ಹಾಕಿ ನೋಡುವುದು ಕಡಿಮೆ ಖರ್ಚಿನ ಮೊದಲ ಪರೀಕ್ಷೆ. ಕೆಲವರಿಗೆ ಅಷ್ಟರಿಂದಲೇ ಬೇಕಾದದ್ದು ಸಿಕ್ಕಿಬಿಡುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ರೀಡಿಗೆ ಬೂಷ್ಟು ಹಿಡಿಯುವುದು ಸಾಮಾನ್ಯ. ನುಡಿಸಿದ ಮೇಲೆ ಒರೆಸಿ, ಚಪ್ಪಟೆಯಾಗಿ ಇಡುವ ಪೆಟ್ಟಿಗೆಯಲ್ಲಿ ಗಾಳಿಯಾಡುವಂತೆ ಇಟ್ಟರೆ ಬಾಳಿಕೆ ಹೆಚ್ಚು. ವ್ಯಾಂಡೋರೆನ್ ಆಗಲಿ ಬೇರೆ ಯಾವುದಾಗಲಿ ಲಿಗೇಚರಿನಿಂದ ನಾದ ಪವಾಡದಂತೆ ಬದಲಾಗುತ್ತದೆಂದು ನಿರೀಕ್ಷಿಸಬಾರದು. ರೀಡನ್ನು ಓರೆಯಾಗದಂತೆ ಸಮನಾಗಿ ಹಿಡಿದಿಟ್ಟರೆ ಅದರ ಕೆಲಸ ಮುಗಿಯಿತು.

## ಊದಿ ನೋಡುವ ಕ್ರಮ

ಸಾಧ್ಯವಿದ್ದರೆ ಸ್ವಂತ ವಾದ್ಯದೊಡನೆ, ಚೆನ್ನಾಗಿ ಪಳಗಿದ ಎರಡು ಮೂರು ಬಿಗುವಿನ ರೀಡುಗಳೊಡನೆ ಹೋಗಬೇಕು. ಊದುವ ಮೊದಲು ಕಣ್ಣಿನ ಪರೀಕ್ಷೆ: ತುದಿಯ ಅಂಚಿನಲ್ಲಿ ಚೂರೂ ಒಡಕಿರಬಾರದು, ಎಡಬಲದ ಅಂಚುಗಳು ಒಂದೇ ದಪ್ಪಕ್ಕಿರಬೇಕು. ಆಮೇಲೆ ರೀಡ್ ಬಿಗಿದು, ಮೌತ್‌ಪೀಸಿನ ಹಿಂಬದಿಯ ತೂತನ್ನು ಅಂಗೈಯಿಂದ ಮುಚ್ಚಿ ಒಳಗಿನ ಗಾಳಿಯನ್ನು ಹೀರಬೇಕು. ರೀಡ್ ಒಂದು ಕ್ಷಣ ಅಂಟಿಕೊಂಡು ನಿಂತು ಆಮೇಲೆ ಟಪ್ಪೆಂದು ಬಿಟ್ಟುಕೊಂಡರೆ ಎರಡೂ ಮೈ ಸರಿಯಾಗಿ ಕೂತಿವೆ ಎಂದು ಅರ್ಥ. ತಕ್ಷಣ ಗಾಳಿ ಸೋರಿದರೆ ಇನ್ನೊಂದು ರೀಡ್ ಹಾಕಿ ನೋಡಬೇಕು, ಆಗಲೂ ಸೋರಿದರೆ ಅದನ್ನು ಬಿಡುವುದು ಲೇಸು.

ವಾದ್ಯಕ್ಕೆ ಹಾಕಿದ ಮೇಲೆ ಮೊದಲು ಮಾಡಬೇಕಾದದ್ದು ಶ್ರುತಿ ಕೂಡಿಸುವುದು. ಕಾರ್ಕಿನ ಕೊನೆಯವರೆಗೆ ಒತ್ತಿದರೂ ಶ್ರುತಿ ಏರದಿದ್ದರೆ, ಬಿದ್ದುಹೋಗುವಷ್ಟು ಹೊರಗೆಳೆದರೂ ಇಳಿಯದಿದ್ದರೆ ಆ ಮೌತ್‌ಪೀಸ್ ಆ ವಾದ್ಯಕ್ಕೆ ಹೊಂದುವುದಿಲ್ಲ. ಶ್ರುತಿ ನಿಂತ ಬಳಿಕ ಅತ್ಯಂತ ಕೆಳಗಿನ ಬಿ ಫ್ಲಾಟ್ ಸ್ವರವನ್ನು ಮೆಲ್ಲನೆ ಹೊರಡಿಸಿ ನೋಡಬೇಕು. ಜೋರಾಗಿ ಯಾವ ಮೌತ್‌ಪೀಸಾದರೂ ಹೊರಡಿಸುತ್ತದೆ, ಮೆಲ್ಲನೆ ಹೊರಡಿಸುವುದೇ ಪರೀಕ್ಷೆ. ಆಮೇಲೆ ಅಂಗೈಯಿಂದ ಒತ್ತುವ ಕೀಲಿಗಳ ಮೇಲಿನ ಡಿ, ಇ, ಎಫ್ ಸ್ವರಗಳು ಸಣ್ಣಗಾಗದೆ ನಿಲ್ಲುತ್ತವೆಯೇ ಎಂದು ಕೇಳಬೇಕು. ತಂಬೂರಿಯ ಸದ್ದನ್ನು ಮೊಬೈಲಿನಲ್ಲಿ ಹಾಕಿಕೊಂಡು ಒಂದೇ ಸ್ವರವನ್ನು ಎರಡು ಸ್ಥಾಯಿಗಳಲ್ಲಿ ನುಡಿಸಿದರೆ ಸ್ಥಾಯಿಗಳ ಹೊಂದಾಣಿಕೆ ತಿಳಿಯುತ್ತದೆ. ಕೊನೆಗೆ ಬಾಯಿಪಾಠವಾಗಿರುವ ಒಂದು ನಿಧಾನದ ಹಾಡು.

ಇದನ್ನೆಲ್ಲ ಧ್ವನಿಮುದ್ರಣ ಮಾಡಿಕೊಳ್ಳುವುದು ಅಗತ್ಯ. ಮೊಬೈಲನ್ನು ಹತ್ತಿರ ಇಡದೆ ಕೋಣೆಯ ಇನ್ನೊಂದು ಬದಿಯಲ್ಲಿಟ್ಟರೆ ಕೇಳುಗರ ಕಿವಿಗೆ ಬೀಳುವುದು ಅದರಲ್ಲಿ ದಾಖಲಾಗುತ್ತದೆ. ಮೊದಲ ದಿನ ಅತಿ ಚೆನ್ನಾಗಿ ಕೇಳುವ ಮೌತ್‌ಪೀಸ್ ಹೆಚ್ಚಾಗಿ ಅತಿ ತೀಕ್ಷ್ಣವಾದದ್ದೇ ಆಗಿರುತ್ತದೆ, ಏಕೆಂದರೆ ಹೊಸ ಹೊಳಪಿಗೆ ಕಿವಿ ಬೇಗ ಮಾರುಹೋಗುತ್ತದೆ. ಒಂದು ವಾರ ಕಳೆದು ಅದೇ ಮುದ್ರಣವನ್ನು ಕೇಳಿದಾಗ ತೀರ್ಪು ಬದಲಾಗುವುದುಂಟು. ನಮ್ಮ ಊರುಗಳಲ್ಲಿ ಹತ್ತಾರು ಮೌತ್‌ಪೀಸುಗಳನ್ನು ಒಂದೇ ಕಡೆ ಊದಿ ನೋಡುವ ಅವಕಾಶ ಅಪರೂಪವಾದ್ದರಿಂದ, ಹಿಂದಿರುಗಿಸಲು ಒಪ್ಪುವ ಮಾರಾಟಗಾರರಿಂದ ಕೊಳ್ಳುವುದು, ಇಲ್ಲವೇ ಗುರುಗಳ ಮತ್ತು ಜೊತೆಯ ವಾದಕರ ಬಳಿ ಇರುವುದನ್ನು ಕೇಳಿ ಪಡೆದು ನೋಡುವುದು ಒಳ್ಳೆಯ ದಾರಿ. ಹೆಸರಾಂತ ಮೌತ್‌ಪೀಸುಗಳ ನಕಲುಗಳೂ ಆನ್‌ಲೈನಿನಲ್ಲಿ ಓಡಾಡುತ್ತವೆ. ಬೆಲೆ ನಂಬಲಾಗದಷ್ಟು ಕಡಿಮೆ ಇದ್ದರೆ ದೂರವಿರಬೇಕು.

## ಕರ್ನಾಟಕ ಸಂಗೀತದಿಂದ ಬರುವವರು

ಗಮಕ ನುಡಿಸಿ ಪಳಗಿದ ವಾದಕರಿಗೆ ಜಾಝ್‌ನ ಬಾಗು ಜಾರುಗಳು ಹೊಸತಲ್ಲ. ತುಟಿ ಮತ್ತು ಬೆರಳುಗಳ ಆ ಸೂಕ್ಷ್ಮ ಹಿಡಿತ ಅವರಿಗೆ ಮೊದಲೇ ಸಿದ್ಧಿಸಿರುತ್ತದೆ. ಹಾಗಾಗಿ ತೆರಪನ್ನು ಹೆಚ್ಚಿಸುವ ಅವಸರ ಅವರಿಗೆ ಇನ್ನೂ ಕಡಿಮೆ. ಅವರಿಗೆ ಹೆಚ್ಚು ಬೇಕಾಗಿರುವುದು ಬೇರೆ: ಜಾಝ್ ವಾದಕರು ಕೆಳತುಟಿಯನ್ನು ಹಲ್ಲಿನ ಮೇಲೆ ಬಿಗಿಯಾಗಿ ಮಡಿಸದೆ ಸ್ವಲ್ಪ ಹೊರಗೆ ಬಿಟ್ಟು, ದವಡೆಯನ್ನು ಸಡಿಲಿಸಿ, ಮೌತ್‌ಪೀಸನ್ನು ತುಸು ಹೆಚ್ಚು ಬಾಯೊಳಗೆ ತೆಗೆದುಕೊಳ್ಳುತ್ತಾರೆ. ಈ ಹಿಡಿತವನ್ನು ಈಗಿರುವ ಮೌತ್‌ಪೀಸಿನಲ್ಲೇ ಕಲಿಯಬಹುದು.

ಅದಕ್ಕೊಂದು ಅಳತೆಗೋಲೂ ಇದೆ. ಆಲ್ಟೋ ಮೌತ್‌ಪೀಸನ್ನು ವಾದ್ಯದಿಂದ ಬಿಡಿಸಿ ಅದನ್ನೊಂದನ್ನೇ ಊದಿದಾಗ, ಶಾಸ್ತ್ರೀಯ ಹಿಡಿತದಲ್ಲಿ ಪಿಯಾನೋದ ಎ ಸ್ವರ, ಅಂದರೆ 880 ಹರ್ಟ್ಜ್, ಬರಬೇಕೆಂದು ಅಧ್ಯಾಪಕರು ಹೇಳಿಕೊಡುತ್ತಾರೆ. ಟೆನರಿನಲ್ಲಿ ಅದು ಜಿ, ಸುಮಾರು 784 ಹರ್ಟ್ಜ್. ಜಾಝ್ ವಾದಕರದು ಸಾಮಾನ್ಯವಾಗಿ ಇದಕ್ಕಿಂತ ತಗ್ಗಿರುತ್ತದೆ. ಬರುವ ಸ್ವರ ಇದಕ್ಕಿಂತ ಬಹಳ ಮೇಲಿದ್ದರೆ ವಾದಕ ಕಚ್ಚುತ್ತಿದ್ದಾನೆ ಎಂದೇ ತಿಳಿಯಬೇಕು. ಕಚ್ಚುವುದು ನಿಂತು, ಮೌತ್‌ಪೀಸಿನ ಸ್ವರ ತಗ್ಗಿ, ವಾದ್ಯದಲ್ಲಿ ದೀರ್ಘ ಸ್ವರಗಳು ಅಲುಗದೆ ನಿಲ್ಲತೊಡಗಿದ ಮೇಲೂ, ಜೋರಾಗಿ ಊದಿದಾಗ ರೀಡ್ ಮುಚ್ಚಿಕೊಂಡು ನಾದ ಗೋಡೆಗೆ ಬಡಿದಂತೆ ನಿಂತುಬಿಡುತ್ತಿದ್ದರೆ, ತೆರಪನ್ನು ಒಂದು ಹೆಜ್ಜೆ ಹೆಚ್ಚಿಸುವ ಕಾಲ ಬಂದಿದೆ. ಜೋರಿಗೆ ತೊಂದರೆ ಇಲ್ಲ, ಆದರೆ ಇತರ ವಾದ್ಯಗಳ ನಡುವೆ ನಾದ ಮುಳುಗಿಹೋಗುತ್ತಿದೆ ಎಂದಾದರೆ ತೆರಪನ್ನು ಹಾಗೆಯೇ ಇಟ್ಟು ಬ್ಯಾಫಲ್ ಸ್ವಲ್ಪ ಎತ್ತರವಿರುವುದನ್ನು ಹುಡುಕಬೇಕು. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತೆಂಬುದು ತಿಳಿಯುವುದಿಲ್ಲ. ಕಛೇರಿಗೂ ಜಾಝ್‌ಗೂ ಒಂದೇ ವಾದ್ಯ ಬಳಸುವವರು ಹಳೆಯ ಮೌತ್‌ಪೀಸನ್ನು ಮಾರದೆ ಉಳಿಸಿಕೊಳ್ಳಬೇಕು, ಎರಡಕ್ಕೂ ಕಾರ್ಕಿನ ಮೇಲೆ ಶ್ರುತಿ ಕೂಡುವ ಜಾಗವನ್ನು ಪೆನ್ಸಿಲಿನಿಂದ ಬೇರೆ ಬೇರೆ ಗುರುತು ಹಾಕಿಟ್ಟುಕೊಳ್ಳಬೇಕು.